ಅಪರಿಚಿತರ ಭಾವಚಿತ್ರಗಳೂ ಊಹಾಪಾಠಗಳೂ

ಅಮೆರಿಕದ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗ್ ಕಾಳಗ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ. ಕಾಳಗ ಮುಗಿದ ಮೇಲೆ ಆ ಊರಿನಲ್ಲಿ ಬಿದ್ದಿದ್ದ ಒಬ್ಬ ಸೈನಿಕನ ಶವದ ಬಳಿ ಗಾಜಿನ ಮೇಲೆ ಮೂಡಿಸಿದ ಒಂದು ಭಾವಚಿತ್ರ ಸಿಕ್ಕಿತು. ಅದರಲ್ಲಿದ್ದವರು ಮೂವರು ಮಕ್ಕಳು. ಸೈನಿಕನ ಹೆಸರನ್ನೋ ದಳವನ್ನೋ ತಿಳಿಸುವ ಗುರುತು ಯಾವುದೂ ಇರಲಿಲ್ಲ. ಸಾಯುವ ಗಳಿಗೆಯಲ್ಲಿ ಅವನು ಆ ಚಿತ್ರವನ್ನು ನೋಡುತ್ತಿದ್ದನೆಂದು ಮಾತ್ರ ಕಂಡವರು ಹೇಳಿದರು. ಚಿತ್ರವು ಊರಿನ ಪಶ್ಚಿಮಕ್ಕಿದ್ದ ಒಂದು ಪಾನಗೃಹದ ಯಜಮಾನನ ಕೈಸೇರಿತು. ಗಾಯಾಳುಗಳ ಶುಶ್ರೂಷೆಗೆಂದು ಫಿಲಡೆಲ್ಫಿಯಾದಿಂದ ಹೊರಟಿದ್ದ ಜಾನ್ ಫ್ರಾನ್ಸಿಸ್ ಬರ್ನ್ಸ್ ಎಂಬ ವೈದ್ಯನ ಗಾಡಿ ಆ ಪಾನಗೃಹದ ಹತ್ತಿರವೇ ಕೆಟ್ಟು ನಿಂತಿತು. ಚಿತ್ರ ಅವನ ಕಣ್ಣಿಗೆ ಬಿದ್ದದ್ದು ಹಾಗೆ. ಗಾಡಿ ಕೆಡದಿದ್ದರೆ ಮುಂದಿನ ಸಂಗತಿಗಳೊಂದೂ ಇಲ್ಲ.

ಆ ಕಾಲದ ಪತ್ರಿಕೆಗಳಿಗೆ ಛಾಯಾಚಿತ್ರವನ್ನು ಅಚ್ಚುಮಾಡುವ ವಿದ್ಯೆ ಕೈವಶವಾಗಿರಲಿಲ್ಲ. ಆದ್ದರಿಂದ ಚಿತ್ರವನ್ನು ಮಾತಿಗೆ ಇಳಿಸಬೇಕಾಯಿತು. ಅಕ್ಟೋಬರ್ 19ರ 'ಫಿಲಡೆಲ್ಫಿಯಾ ಇನ್‌ಕ್ವೈರರ್' ಪತ್ರಿಕೆಯಲ್ಲಿ ಬಂದ ಆ ವಿವರಣೆ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಗದ್ಯ. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಹಿರಿಯನೂ ಕಿರಿಯನೂ ಗಂಡುಮಕ್ಕಳು, ನಡುವಿನದು ಹೆಣ್ಣು. ವಯಸ್ಸು ನೋಡಿದರೆ ಒಂಬತ್ತು, ಏಳು, ಐದು ಇರಬಹುದು. ಕಿರಿಯವನು ಎತ್ತರದ ಕುರ್ಚಿಯಲ್ಲಿ ಕುಳಿತಿದ್ದಾನೆ, ಅಣ್ಣ ಅಕ್ಕ ಇಬ್ಬದಿಗೆ. ಹಿರಿಯ ಹುಡುಗನ ಅಂಗಿಯೂ ತಂಗಿಯ ಉಡುಪೂ ಒಂದೇ ಬಟ್ಟೆಯಿಂದ ಹೊಲಿದವು. ಸಾರಾಂಶ ಇಷ್ಟೇ. ಶೀರ್ಷಿಕೆಯಲ್ಲೂ ಮುಂದಿನ ವಾಕ್ಯಗಳಲ್ಲೂ ಕಣ್ಣೀರಿಗೇನೂ ಕೊರತೆಯಿಲ್ಲ. ಅದು ಆ ಕಾಲದ ರೂಢಿ. ಆದರೆ ಚಿತ್ರದ ಮುಂದೆ ನಿಂತಾಗ ಮಾತ್ರ ಬರೆದವನ ಲೇಖನಿ ಲೆಕ್ಕಿಗನದಾಗುತ್ತದೆ. ಮಕ್ಕಳು ಮುದ್ದಾಗಿದ್ದಾರೆ ಎಂಬುದರಿಂದ ಯಾವ ತಾಯಿಯೂ ತನ್ನ ಮಕ್ಕಳನ್ನು ಗುರುತಿಸಲಾರಳು. ಒಂದೇ ಥಾನಿನ ಬಟ್ಟೆಯನ್ನು ಇಬ್ಬರಿಗೆ ಕತ್ತರಿಸಿದವಳು ಅದೊಂದರಿಂದಲೇ ಗುರುತಿಸಬಲ್ಲಳು.

ಗುರುತಿಸಿದ್ದೂ ಹಾಗೆಯೇ. ಈ ವಿವರಣೆಯನ್ನು ಒಂದು ಧಾರ್ಮಿಕ ಪತ್ರಿಕೆ ಮರುಪ್ರಕಟಿಸಿತು. ನ್ಯೂಯಾರ್ಕ್ ಸಂಸ್ಥಾನದ ಪೋರ್ಟ್‌ವಿಲ್ ಎಂಬ ಸಣ್ಣ ಊರಿನ ಫಿಲಿಂಡಾ ಹ್ಯೂಮಿಸ್ಟನ್ ಅದನ್ನು ಕಂಡಳು. ಅಂಥದೇ ಒಂದು ಚಿತ್ರವನ್ನು ಗಂಡನಿಗೆ ಆಕೆ ಕಳಿಸಿದ್ದಳು; ಜುಲೈ ನಂತರ ಅವನಿಂದ ಕಾಗದ ಬಂದಿರಲಿಲ್ಲ. ಬರ್ನ್ಸ್ ಕಳಿಸಿದ ಪ್ರತಿ ನವೆಂಬರಿನಲ್ಲಿ ಆಕೆಯ ಕೈಸೇರಿದಾಗ ಸಂಶಯ ಉಳಿಯಲಿಲ್ಲ. ಸತ್ತವನು 154ನೆಯ ನ್ಯೂಯಾರ್ಕ್ ದಳದ ಸಾರ್ಜೆಂಟ್ ಏಮಸ್ ಹ್ಯೂಮಿಸ್ಟನ್. ಮಕ್ಕಳು ಫ್ರಾಂಕ್, ಆಲಿಸ್, ಫ್ರೆಡ್. ವಯಸ್ಸು ಎಂಟು, ಆರು, ನಾಲ್ಕು. ಪತ್ರಿಕೆಯ ಊಹೆ ಪ್ರತಿಯೊಬ್ಬರಲ್ಲೂ ಒಂದು ವರ್ಷ ಹೆಚ್ಚಾಗಿತ್ತು. ಆ ತಪ್ಪಿನಿಂದ ಕೆಡುಕೇನೂ ಆಗಲಿಲ್ಲ, ಏಕೆಂದರೆ ಅದು ಊಹೆಯೆಂದು ಹೇಳಿಕೊಂಡೇ ಬಂದ ಊಹೆ.

ಅಕಲಂಕದೇವನು ಪರೋಕ್ಷಪ್ರಮಾಣದಲ್ಲಿ ಸ್ಮೃತಿ, ಪ್ರತ್ಯಭಿಜ್ಞೆ, ತರ್ಕ, ಅನುಮಾನ, ಆಗಮಗಳನ್ನು ಬೇರೆಬೇರೆಯಾಗಿ ಎಣಿಸಿದ್ದು ಇಂಥ ಕಡೆ ಸಹಾಯಕ್ಕೆ ಬರುತ್ತದೆ. ಪತ್ರಿಕೆಯ ಸಾವಿರಾರು ಓದುಗರು ಮಾಡಿದ್ದು ಅನುಮಾನ. ಪೋರ್ಟ್‌ವಿಲ್ಲಿನ ಹೆಂಗಸಿಗೆ ಆದದ್ದು ಪ್ರತ್ಯಭಿಜ್ಞೆ, ಇದು ಅದೇ ಎಂಬ ಅರಿವು. ಎರಡರ ನಡುವಿನ ಅಂತರವನ್ನು ಎಷ್ಟೇ ಸೂಕ್ಷ್ಮವಾದ ಕಲ್ಪನೆಯೂ ತುಂಬಲಾರದು. ಹ್ಯೂಮಿಸ್ಟನ್ನನ ಜೀವನಚರಿತ್ರೆಯನ್ನು ನೂರಮೂವತ್ತು ವರ್ಷಗಳ ಮೇಲೆ ಮಾರ್ಕ್ ಡಂಕೆಲ್ಮನ್ ಎಂಬ ಇತಿಹಾಸಕಾರರು ಬರೆದರು. ಅದರಂತೆ ಅವನು ಮದುವೆಗೆ ಮುನ್ನ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಶಾಂತಸಾಗರವನ್ನು ಸುತ್ತಿಬಂದವನು. ಕಸುಬಿನಿಂದ ಕುದುರೆಯ ಜೀನು, ಲಗಾಮು ಹೊಲಿಯುವವನು. ಆ ಗಾಜಿನ ಚಿತ್ರವನ್ನು ಹಿಡಿದು ಒಂದು ದೇಶವೇ ಕಥೆ ಕಟ್ಟಿತು. ತಿಮಿಂಗಿಲ ಯಾವ ಕಥೆಯಲ್ಲೂ ಬಂದಿರಲಾರದು.

ಹೆಸರು ಸಿಕ್ಕ ಮೇಲೆ ನಡೆದದ್ದು ಇನ್ನೂ ಯೋಚಿಸತಕ್ಕದ್ದು. ಮಕ್ಕಳ ಚಿತ್ರದ ಪ್ರತಿಗಳು ಮಾರಾಟವಾದವು, ಹಾಡುಗಳು ಹುಟ್ಟಿದವು, ಸೈನಿಕರ ಅನಾಥಮಕ್ಕಳಿಗಾಗಿ 1866ರಲ್ಲಿ ಗೆಟಿಸ್‌ಬರ್ಗಿನಲ್ಲೇ ಒಂದು ಗೃಹ ತೆರೆಯಿತು. ಫಿಲಿಂಡಾ ಮಕ್ಕಳೊಡನೆ ಅಲ್ಲಿಗೆ ಕೆಲಸಕ್ಕೆ ಹೋಗಿ, 1869ರಲ್ಲಿ ಮರುಮದುವೆಯಾಗಿ ಹೊರಟುಹೋದಳು. ಮುಂದೆ ಬಂದ ಮೇಲ್ವಿಚಾರಕಿ ಮಕ್ಕಳನ್ನು ಹಿಂಸಿಸಿದಳೆಂಬುದು ನ್ಯಾಯಾಲಯದಲ್ಲಿ ಸಿದ್ಧವಾಯಿತು, 1870ರ ದಶಕ ಮುಗಿಯುವುದರೊಳಗೆ ಗೃಹ ಮುಚ್ಚಿತು. ಮೂರು ಮುಖಗಳ ಮೇಲೆ ಹರಿದ ಕರುಣೆಗೆ ಆ ಮುಖಗಳಾಚೆಗಿನ ಮಕ್ಕಳು ಕಾಣಿಸಿರಲಿಲ್ಲ. ಚಿತ್ರವನ್ನು ಪ್ರಶ್ನೆಯಾಗಿ ಹಿಡಿದಿದ್ದಾಗ ಅದು ಒಂದು ಮನೆಯ ಬಾಗಿಲನ್ನು ತಟ್ಟಿತು. ಅದೇ ಚಿತ್ರ ಕಥೆಯಾದಾಗ ಯಾರಿಗೂ ಯಾರೂ ಉತ್ತರ ಹೇಳಬೇಕಾಗಿರಲಿಲ್ಲ.

ಅಪರಿಚಿತರ ಹಳೆಯ ಭಾವಚಿತ್ರಗಳನ್ನು ಹಿಡಿದು ಅವರ ಬಾಳನ್ನು ಊಹಿಸುವುದು ಈಗ ಸಾಮಾನ್ಯವಾದ ವಿನೋದ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಯಾರದೋ ಮನೆಯ ಚಿತ್ರಗಳು ರಾಶಿಯಾಗಿ ಬೀಳುತ್ತವೆ. ಕಥಾರಚನೆಯ ಶಿಬಿರಗಳಲ್ಲಿ ಅವು ಅಭ್ಯಾಸದ ವಸ್ತುಗಳಾಗುತ್ತವೆ. ಇದನ್ನು ನಿಷೇಧಿಸಬೇಕೆನ್ನುವುದು ಒಣ ಪಾಂಡಿತ್ಯವಾದೀತು. ಮುಖ ಕಂಡ ಕೂಡಲೆ ಊಹೆ ಹುಟ್ಟುವುದು ಕಣ್ಣಿನ ಸ್ವಭಾವ. ವಾದವಿರುವುದು ಊಹೆಯ ಸ್ಥಾನದ ಬಗ್ಗೆ. ಗ್ರಂಥಸಂಪಾದನೆಯನ್ನು ಅಭ್ಯಾಸಮಾಡಿದವರಿಗೆ ಆ ಸ್ಥಾನ ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಓಲೆಯ ಅಂಚು ಮುರಿದಿದೆ, ಎಲ್ಲ ಪ್ರತಿಗಳಲ್ಲೂ ಪದ್ಯದ ಒಂದು ಗಣ ತಪ್ಪಿದೆ. ಸಂಪಾದಕನು ಅರ್ಥ, ಛಂದಸ್ಸು, ಕವಿಯ ಶೈಲಿ ಮೂರನ್ನೂ ತೂಗಿ ಒಂದು ಊಹಾಪಾಠವನ್ನು ಕೊಡುತ್ತಾನೆ. ಆದರೆ ಅದನ್ನು ಕಂಸದಲ್ಲಿಟ್ಟು, ಪ್ರತಿಗಳಲ್ಲಿ ನಿಜವಾಗಿ ಏನಿದೆಯೆಂಬುದನ್ನು ಅಡಿಯಲ್ಲಿ ಕಾಣಿಸುತ್ತಾನೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿ ಬೆಳೆದ ತಲೆಮಾರುಗಳಿಗೆ ಇದು ಕೈಗೆ ಬಂದ ಶಿಸ್ತು. ನಾಳೆ ಇನ್ನೊಂದು ಪ್ರತಿ ಸಿಕ್ಕಿದರೆ ಊಹೆ ಸೋಲಬೇಕು, ಸೋಲುವುದಕ್ಕೆ ದಾರಿಯಿರಬೇಕು. ಪದ್ಯದ ಒಂದು ಅಕ್ಷರಕ್ಕೆ ಸಲ್ಲುವ ಈ ಮರ್ಯಾದೆ ಒಬ್ಬ ಮನುಷ್ಯನ ಮುಖಕ್ಕೆ ಸಲ್ಲದೆ ಇರುವುದು ವಿಚಿತ್ರ.

ಕಂಸವನ್ನು ಬಿಟ್ಟ ಊಹೆ ದೊಡ್ಡವರನ್ನೂ ಬೀಳಿಸುತ್ತದೆ. ವಾಲ್ಟರ್ ಬೆಂಜಮಿನ್ 1931ರಲ್ಲಿ ಬರೆದ ಛಾಯಾಚಿತ್ರಣದ ಕಿರುಚರಿತ್ರೆ ಆ ಕ್ಷೇತ್ರದ ಮೂಲಪಾಠಗಳಲ್ಲೊಂದು. ಅದರಲ್ಲಿ ಅವನು ಕಾರ್ಲ್ ಡೌಟೆಂಡೈ ಎಂಬ ಛಾಯಾಚಿತ್ರಕಾರ ಒಬ್ಬ ಯುವತಿಯೊಡನೆ ನಿಂತ ಚಿತ್ರವೊಂದನ್ನು ಎತ್ತಿಕೊಳ್ಳುತ್ತಾನೆ. ಡೌಟೆಂಡೈಯ ಹೆಂಡತಿ ಆರನೆಯ ಮಗು ಹುಟ್ಟಿದ ಕೆಲಕಾಲದಲ್ಲೇ ಕೈಯ ನರಗಳನ್ನು ಕತ್ತರಿಸಿಕೊಂಡು ಸತ್ತಳೆಂಬುದು ಅವನಿಗೆ ತಿಳಿದಿತ್ತು. ಆ ತಿಳಿವಿನ ಕಣ್ಣಿನಿಂದ ಅವನು ಚಿತ್ರವನ್ನು ನೋಡುತ್ತಾನೆ: ಗಂಡಿನ ಕೈ ಆಕೆಯನ್ನು ಹಿಡಿದಂತಿದೆ, ಆಕೆಯ ದೃಷ್ಟಿ ಅವನನ್ನು ದಾಟಿ ಯಾವುದೋ ಕೇಡಿನ ದೂರದಲ್ಲಿ ನೆಟ್ಟಿದೆ. ಎಷ್ಟೇ ಕೃತಕವಾಗಿ ಭಂಗಿಯನ್ನು ಏರ್ಪಡಿಸಿದರೂ ಕ್ಯಾಮರಾದ ಮುಂದೆ ಒಂದು ಆಕಸ್ಮಿಕದ ಕಿಡಿ ಉಳಿದಿರುತ್ತದೆ, ಮುಂದೆ ಆಗಲಿರುವುದು ಅಂದಿನ ಗಳಿಗೆಯಲ್ಲೇ ಗೂಡುಕಟ್ಟಿರುತ್ತದೆ ಎಂಬ ಅವನ ಪ್ರಸಿದ್ಧ ವಿಚಾರ ಈ ಚಿತ್ರದ ಮೇಲೆಯೇ ನಿಂತಿದೆ.

ಆದರೆ ಚಿತ್ರದಲ್ಲಿರುವವಳು ಆ ಹೆಂಡತಿಯಲ್ಲ. ಆ ಚಿತ್ರ 1857ರದು. ಅದು ತೆಗೆಯುವ ಹೊತ್ತಿಗೆ ಮೊದಲ ಹೆಂಡತಿ ತೀರಿಕೊಂಡಾಗಿತ್ತು. ಪಕ್ಕದಲ್ಲಿ ನಿಂತವಳು ಫ್ರೀಡ್ರಿಷ್ ಮನೆತನದ ಕನ್ಯೆ, ಡೌಟೆಂಡೈ ಆಮೇಲೆ ಕೈಹಿಡಿದವಳು, ಮುಂದೆ ಕವಿಯಾಗಿ ಹೆಸರಾದ ಮಾಕ್ಸ್ ಡೌಟೆಂಡೈಯ ತಾಯಿ. ಇದನ್ನು ವಿದ್ವಾಂಸರು ತೋರಿಸಿಕೊಟ್ಟು ಬಹುಕಾಲವಾಯಿತು. ಆದರೂ ಪಾಠದ ಕೋಣೆಗಳಲ್ಲಿ ಆ ಪುಟವನ್ನು ಓದುವಾಗ ಈ ಸಂಗತಿಯನ್ನು ಅಡಿಟಿಪ್ಪಣಿಗಿಂತ ಮೇಲೆ ಏರಿಸುವವರು ವಿರಳ. ಬೆಂಜಮಿನ್ನನ ಸಿದ್ಧಾಂತಕ್ಕೆ ಇದರಿಂದ ಬಾಧಕವಿಲ್ಲ, ಉದಾಹರಣೆ ತಪ್ಪಿದರೂ ವಿಚಾರ ನಿಲ್ಲುತ್ತದೆ ಎಂಬುದು ಸಾಮಾನ್ಯ ಸಮಾಧಾನ. ಅದು ಸುಲಭವಾಗಿ ಒಪ್ಪತಕ್ಕದ್ದಲ್ಲ. ಸಾವಿನ ನೆರಳನ್ನು ಅವನು ಕಂಡದ್ದು ಸಾಯದೆ ಇದ್ದವಳ ಕಣ್ಣಿನಲ್ಲಿ. ಎಂದರೆ ಆ ನೆರಳು ಚಿತ್ರದಿಂದ ಬಂದದ್ದಲ್ಲ. ಓದಿದ ಒಂದು ಮನೆವಾರ್ತೆಯಿಂದ ಬಂದು ಚಿತ್ರದ ಮೇಲೆ ಬಿದ್ದದ್ದು. ಚಿತ್ರದಲ್ಲಿ ಭವಿಷ್ಯ ಅಡಗಿದೆಯೆಂಬ ಸಿದ್ಧಾಂತಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಯಾವುದಿದೆ? ಇನ್ನು ಆ ಕನ್ಯೆಯ ಕಡೆಯಿಂದ ನೋಡಿದರೆ, ಬಹುಶಃ ದೀರ್ಘವಾದ ಒಡ್ಡುಗೆಯ ಕಾಲದಲ್ಲಿ ಕಣ್ಣು ಮಿಟುಕಿಸದೆ ಒಂದೇ ಕಡೆ ನೋಡಿ ನಿಂತಿದ್ದಳು. ಅದಕ್ಕೆ ಸಿಕ್ಕ ಪ್ರತಿಫಲ, ಸವತಿಯ ಸಾವನ್ನು ತನ್ನ ಮುಖದಲ್ಲಿ ಹೊರುವುದು.

ರೋಲಾಂ ಬಾರ್ತ್‌ನ ತಪ್ಪು ಇಷ್ಟು ಭಾರದ್ದಲ್ಲ. 1980ರಲ್ಲಿ ಬಂದ ತನ್ನ ಛಾಯಾಚಿತ್ರ ಗ್ರಂಥದಲ್ಲಿ ಅವನು ಜೇಮ್ಸ್ ವ್ಯಾನ್ ಡರ್ ಝೀ 1926ರಲ್ಲಿ ತೆಗೆದ ಒಂದು ಕಪ್ಪು ಕುಟುಂಬದ ಚಿತ್ರವನ್ನು ನೋಡುತ್ತಾನೆ. ಮೊದಲು ನಿಂತಿರುವ ಹೆಂಗಸಿನ ಪಟ್ಟಿಯ ಪಾದರಕ್ಷೆ ಅವನನ್ನು ತಾಕುತ್ತದೆ. ಕೆಲವು ಪುಟಗಳಾದ ಮೇಲೆ, ಚಿತ್ರ ಎದುರಿಗಿಲ್ಲದಾಗ, ತಾಕಿದ್ದು ಆಕೆಯ ಕೊರಳಿನ ಹೆಣೆದ ಚಿನ್ನದ ಸರ ಎಂದು ತಿದ್ದಿಕೊಳ್ಳುತ್ತಾನೆ. ಅಂಥ ಸರ ಅವನ ಸ್ವಂತ ಅತ್ತೆಯ ಬಳಿ ಇತ್ತು. ಚಿತ್ರದ ಹೆಂಗಸು ಹಾಕಿಕೊಂಡಿರುವುದು ಮುತ್ತಿನ ಸರ. ಇದನ್ನು ತೋರಿಸಿದವರು ಮಾರ್ಗರೆಟ್ ಓಲಿನ್. ಬಾರ್ತ್‌ನಾದರೂ ತನ್ನನ್ನು ಇರಿಯುವ ಬಿಂದು ತಾನೇ ಚಿತ್ರಕ್ಕೆ ಸೇರಿಸುವಂಥದು ಎಂದು ಮೊದಲೇ ಒಪ್ಪಿಕೊಂಡಿದ್ದ. ಕಂಸ ಅಲ್ಲಿ ಸಣ್ಣದಾಗಿಯಾದರೂ ಇದೆ.

ಕಾದಂಬರಿಕಾರರ ವಿಷಯ ಬೇರೆಯೆಂದು ತೋರುತ್ತದೆ, ಪೂರ್ತಿ ಬೇರೆಯಲ್ಲ. ಜರ್ಮನಿಯ ಆಗಸ್ಟ್ ಸಾಂಡರ್ 1914ರಲ್ಲಿ ವೆಸ್ಟರ್‌ವಾಲ್ಡ್ ಪ್ರದೇಶದ ಹಳ್ಳಿಯ ದಾರಿಯಲ್ಲಿ ಮೂವರು ತರುಣರನ್ನು ನಿಲ್ಲಿಸಿ ತೆಗೆದ ಚಿತ್ರ ಜಗತ್ಪ್ರಸಿದ್ಧ. ಕಪ್ಪು ಸೂಟು, ಟೋಪಿ, ಕೈಯಲ್ಲಿ ಕೋಲು. ಸಾಂಡರ್ ಅದಕ್ಕೆ ಕೊಟ್ಟ ಹೆಸರು 'ತರುಣ ರೈತರು'. ಆ ಹೆಸರನ್ನು ನಂಬಿ ಜಾನ್ ಬರ್ಜರ್, ಪಟ್ಟಣದ ಮೇಲುವರ್ಗದ ಸೂಟು ದುಡಿಯುವ ರೈತಶರೀರದ ಮೇಲೆ ಹೇಗೆ ಕುಳಿತುಕೊಳ್ಳದೆ ಅದನ್ನು ವಿಕಾರಗೊಳಿಸುತ್ತದೆಂಬ ಬಹು ಚೆಲುವಾದ ಪ್ರಬಂಧವನ್ನು ಬರೆದ. ರಿಚರ್ಡ್ ಪವರ್ಸ್ 1985ರಲ್ಲಿ ಈ ಚಿತ್ರವನ್ನೇ ಮೂಲವಾಗಿಟ್ಟು ತನ್ನ ಮೊದಲ ಕಾದಂಬರಿಯನ್ನು ಕಟ್ಟಿದ. ಆಮೇಲೆ ಜರ್ಮನಿಯ ಸಂಶೋಧಕರು ಆ ಮೂವರ ಹೆಸರನ್ನೂ ಊರನ್ನೂ ಪತ್ತೆಹಚ್ಚಿದರು. ಅವರು ರೈತರಲ್ಲ. ಹತ್ತಿರದ ಕಬ್ಬಿಣದ ಅದಿರಿನ ಗಣಿಯಲ್ಲೂ ಅದರ ಕಚೇರಿಯಲ್ಲೂ ದುಡಿಯುತ್ತಿದ್ದವರು. ಮೂವರಲ್ಲಿ ಒಬ್ಬ ಮಾತ್ರ ಮಹಾಯುದ್ಧದಿಂದ ಮರಳಲಿಲ್ಲ. ಕಾದಂಬರಿಗೆ ಇದರಿಂದ ನಷ್ಟವಿಲ್ಲ, ಅದು ಕಾದಂಬರಿಯೆಂದೇ ಹೊರಟದ್ದು. ಕಂಸ ಅದರ ಮುಖಪುಟದಲ್ಲೇ ಇದೆ. ಬರ್ಜರನ ಪ್ರಬಂಧದ ಗತಿ ಹಾಗಲ್ಲ. ಅದು ಶರೀರಗಳಿಂದ ವರ್ಗವನ್ನು ಓದಿತು. ಶರೀರಗಳು ಬೇರೊಂದು ದುಡಿಮೆಯವು. ವಾದದ ಬಹುಭಾಗ ಇತರ ಚಿತ್ರಗಳಲ್ಲಿ ಉಳಿದುಕೊಳ್ಳುತ್ತದೆ, ಈ ಚಿತ್ರದಲ್ಲಿ ಇಲ್ಲ.

ಸೇಬಾಲ್ಡ್‌ನ 'ಆಸ್ಟರ್ಲಿಟ್ಸ್' ಇನ್ನೊಂದು ಬಗೆ. 2001ರ ಆ ಕಾದಂಬರಿಯ ಮುಖಪುಟದಲ್ಲಿ ಬಿಳಿಯ ವೇಷದ ಹುಡುಗನೊಬ್ಬ ನಿಂತಿದ್ದಾನೆ. ಅವನೇ ಕಥಾನಾಯಕನ ಬಾಲ್ಯವೆಂದು ಕಾದಂಬರಿ ಹೇಳುತ್ತದೆ, ಓದುಗನೂ ನಂಬುತ್ತಾನೆ. ಲೇಖಕನ ಸಂಗ್ರಹದಲ್ಲಿ ಆ ಮೂಲ ಚಿತ್ರವನ್ನು ಹೊರಳಿಸಿ ನೋಡಿದ ವಿಮರ್ಶಕ ಜೇಮ್ಸ್ ವುಡ್‌ಗೆ ಹಿಂಬದಿಯಲ್ಲಿ ಕಂಡದ್ದು ಸ್ಟಾಕ್‌ಪೋರ್ಟ್ ಎಂಬ ಇಂಗ್ಲಿಷ್ ಊರಿನ ಹೆಸರು, 30 ಪೆನ್ಸ್ ಎಂಬ ಬೆಲೆ. ಯಾರದೋ ಮನೆಯ ಹುಡುಗ ಮೂವತ್ತು ಪೆನ್ಸಿಗೆ ಸಿಕ್ಕಿ, ಯಹೂದಿ ಸಂಹಾರದ ನೆನಪನ್ನು ಹೊರುವ ಮುಖವಾದ. ಕಾದಂಬರಿಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೂ ಕಲ್ಪಿತ ಪಾತ್ರಕ್ಕೆ ನಿಜವಾದ ಮುಖವನ್ನು ಅಂಟಿಸುವಾಗ ಕಂಸ ಎಲ್ಲಿ ಬೀಳುತ್ತದೆ ಎಂಬ ಪ್ರಶ್ನೆ ಅಲ್ಲಿ ಬಗೆಹರಿಯದೆ ಉಳಿಯುತ್ತದೆ.

ಊಹೆಗೆ ಲಗಾಮು ಹಾಕುವುದು ಭಾವನೆಯ ಕೆಲಸಕ್ಕಿಂತ ಹೆಚ್ಚಾಗಿ ತಿಳಿವಳಿಕೆಯ ಕೆಲಸ. ಹತ್ತೊಂಬತ್ತನೆಯ ಶತಮಾನದ ಚಿತ್ರಗಳಲ್ಲಿ ನಿಂತವರ ಪಾದಗಳ ಹಿಂದೆ ಕೆಲವೊಮ್ಮೆ ಕಬ್ಬಿಣದ ಊರೆಯ ಬುಡ ಕಾಣಿಸುತ್ತದೆ. ಇದನ್ನು ಕಂಡು, ಶವವನ್ನು ನಿಲ್ಲಿಸಿ ತೆಗೆದ ಚಿತ್ರವೆಂದು ಸಾರುವವರು ಬಹಳ. ಅಂಥ ಚಿತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೂ ಹೆಚ್ಚು. ಆ ಊರೆ ಶವದ ಭಾರವನ್ನು ತಡೆಯುವಂಥದಲ್ಲ; ಅದು ಬದುಕಿರುವವರ ತಲೆ ಅಲುಗದಂತೆ ಹಿಂದಿನಿಂದ ಹಿಡಿಯುವ ಸಾಧನ. ಎಂದರೆ ಊರೆ ಕಂಡರೆ ವ್ಯಕ್ತಿ ಜೀವಂತ ಎಂದೇ ಹೆಚ್ಚು ನಂಬಬೇಕು. ನಗು ಇಲ್ಲದ ಮುಖಗಳಿಂದ ಆ ಕಾಲದವರು ದುಃಖಿಗಳೆಂದು ತೀರ್ಮಾನಿಸುವುದೂ ಇದೇ ಜಾತಿಯದು. ಚಿತ್ರಶಾಲೆಯ ಕಂಬ, ಪರದೆಯ ಮೇಲಿನ ಸರೋವರ, ಮೇಜಿನ ಮೇಲಿನ ಗಡಿಯಾರ, ಕೈಯಲ್ಲಿಟ್ಟ ಪುಸ್ತಕ ಇವೆಲ್ಲ ಚಿತ್ರಶಾಲೆಯ ಸ್ವತ್ತು. ಕೋಟೂ ಹಲವು ಸಲ ಅದರದೇ. ಪುಸ್ತಕ ಹಿಡಿದ ಹೆಂಗಸು ಓದುಬಲ್ಲವಳೆಂದು ಹೇಳಲು ಬೇರೆ ಆಧಾರ ಬೇಕು. ಒಂದೇ ಬಟ್ಟೆಯ ಅಂಗಿ ಮತ್ತು ಲಂಗ ಮಾತ್ರ ಮನೆಯಿಂದ ಬಂದವು.

ಕರ್ನಾಟಕದ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಎಣಿಸಬೇಕಾದವು ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ತೆಗೆದವು. ಮೇಣಗಟ್ಟಿದ ಕಾಗದದ ಪಡಿಯಚ್ಚುಗಳು ಅವು. ಬೆಳಕಿಗೆ ಒಡ್ಡಬೇಕಾದ ಕಾಲ ದೀರ್ಘ. ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ನೆಲೆಗಳಲ್ಲಿ ನಿಂತು ಅದೇ ದೃಶ್ಯಗಳನ್ನು ಮತ್ತೆ ತೆಗೆದ ಮೇಲೆ ಈ ಸಂಗ್ರಹ ಹೆಚ್ಚು ಜನಕ್ಕೆ ಪರಿಚಿತವಾಯಿತು. ಹಾಳೂರಿನ ನಿರ್ಜನತೆಯನ್ನು ಇಂಥ ಚಿತ್ರಗಳಿಂದ ವರ್ಣಿಸುವುದು ಸುಲಭ. ಆದರೆ ದೀರ್ಘವಾದ ಒಡ್ಡುಗೆಯಲ್ಲಿ ನಡೆದುಹೋಗುವವನು ಮೂಡುವುದೇ ಇಲ್ಲ. ನಿಂತವನು ಮಾತ್ರ ಉಳಿಯುತ್ತಾನೆ. ಖಾಲಿ ಬೀದಿ ಚಿತ್ರದ ಸಂಗತಿ, ಬೀದಿಯ ಸಂಗತಿಯಾಗಬೇಕಿಲ್ಲ. ಅಂದಿನ ಸ್ಮಾರಕಚಿತ್ರಗಳಲ್ಲಿ ಕಂಬದ ಪಕ್ಕ ಅಳತೆಗೋಲಿನಂತೆ ನಿಲ್ಲಿಸಿದ ಒಬ್ಬೊಬ್ಬ ಮನುಷ್ಯ ಕಾಣುವುದುಂಟು. ಕಂಬದ ಎತ್ತರ ಎಷ್ಟೆಂಬುದು ಅವನಿಂದ ತಿಳಿಯಿತು. ಅವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಹೆಸರು ಬರೆದುಕೊಳ್ಳದೆ ಸ್ವಭಾವವನ್ನು ಬರೆದುಕೊಂಡ ಗ್ರಂಥವೊಂದಿದೆ. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ 'ದಿ ಪೀಪಲ್ ಆಫ್ ಇಂಡಿಯಾ' 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ, 468 ಛಾಯಾಚಿತ್ರಗಳೊಡನೆ ಹೊರಬಂತು. ಅದರಲ್ಲಿ ಎದುರಿಗೆ ಕುಳಿತ ಒಬ್ಬನ ಮುಖ ಒಂದು ಇಡೀ ಜಾತಿಯ ಮುಖವಾಗುತ್ತದೆ. ಈ ಜನ ನಂಬಿಕೆಗೆ ಅರ್ಹರು, ಈ ಜನ ಕಳ್ಳರು, ಈ ಜನ ಸೋಮಾರಿಗಳು ಎಂಬ ಬಗೆಯ ನಿರ್ಣಯಗಳನ್ನು ಆ ಮುಖದ ಪಕ್ಕದಲ್ಲಿ ಅಚ್ಚುಹಾಕಲಾಗುತ್ತದೆ. 1857ರ ದಂಗೆಯ ಭಯ ಇನ್ನೂ ಆರದ ಕಾಲ. ಯಾರನ್ನು ನಂಬಬಹುದು ಎಂಬ ಪ್ರಶ್ನೆ ಆಳುವವರದು, ಅದಕ್ಕೆ ಉತ್ತರವಾಗಿ ಒಡ್ಡಲ್ಪಟ್ಟ ಮುಖಗಳು ಆಳಿಸಿಕೊಂಡವರವು. ಸರ್ ಸಯ್ಯದ್ ಅಹಮದ್ ಖಾನ್ 1869ರಲ್ಲಿ ಮಗನೊಡನೆ ಲಂಡನ್ನಿನಲ್ಲಿದ್ದಾಗ ಇಂಡಿಯಾ ಆಫೀಸಿನಲ್ಲಿ ಈ ಸಂಪುಟಗಳು ಅವರ ಕಣ್ಣಿಗೆ ಬಿದ್ದವು. ಪುಟ ತಿರುಗಿಸುತ್ತಿದ್ದ ಮಗ ಸಯ್ಯದ್ ಮಹಮೂದನನ್ನು, ನೀನೂ ಹಿಂದುಸ್ತಾನದವನೇ ಎಂದು ಒಬ್ಬ ಇಂಗ್ಲಿಷ್ ತರುಣ ಕೇಳಿದ. ಹೌದೆಂದ ಮಹಮೂದನ ಮುಖ ಕೆಂಪಾಯಿತೆಂದೂ, ತಾನು ಚಿತ್ರದಲ್ಲಿರುವ ಆ ಮೂಲನಿವಾಸಿಗಳವನಲ್ಲ ಎಂದು ಸಮಜಾಯಿಷಿ ಕೊಡಬೇಕಾಯಿತೆಂದೂ ತಂದೆ ಬರೆದರು. ಆ ಸಮಜಾಯಿಷಿಯಲ್ಲೂ ಒಂದು ಕಹಿಯಿದೆ: ಊಹೆಯಿಂದ ತಪ್ಪಿಸಿಕೊಳ್ಳಲು ಅವಮಾನಿತನೊಬ್ಬ ಅದನ್ನು ಇನ್ನೊಬ್ಬ ಹೆಸರಿಲ್ಲದವನ ಮೇಲೆ ದಾಟಿಸಿದ.

ಚಿತ್ರದಲ್ಲಿದ್ದವರು ಎದ್ದುಬಂದು ಉತ್ತರ ಹೇಳಿದ ಪ್ರಸಂಗಗಳು ಕಡಿಮೆ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ 'ವಲಸಿಗ ತಾಯಿ' ಅವುಗಳಲ್ಲೊಂದು. ಲ್ಯಾಂಗ್ ಆಕೆಯ ಹೆಸರನ್ನು ಕೇಳಲಿಲ್ಲ. ಆಕೆಯ ಬಡತನವನ್ನು ವಿವರಿಸುತ್ತ, ಕಾರಿನ ಚಕ್ರದ ಟೈರುಗಳನ್ನು ಮಾರಿ ಆಹಾರ ಕೊಂಡಿದ್ದಳೆಂದು ಬರೆದಳು. 1978ರಲ್ಲಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ವೃದ್ಧೆ ಅದು ತನ್ನ ಚಿತ್ರವೆಂದು ಬಹಿರಂಗಪಡಿಸಿದಳು. ಟೈರು ಮಾರಿದ ಕಥೆಯನ್ನು ಮನೆಯವರು ಅಲ್ಲಗಳೆದರು. ಬಿಳಿಯ ಅಮೆರಿಕದ ಮಾತೃಮೂರ್ತಿಯೆಂದು ನಲವತ್ತು ವರ್ಷ ಪೂಜೆಗೊಂಡವಳು ಚೆರೋಕಿ ಮೂಲದವಳು. ಆ ಚಿತ್ರವನ್ನು ತೆಗೆಯದೆ ಇದ್ದಿದ್ದರೆ ಚೆನ್ನಾಗಿತ್ತೆಂಬ ಅರ್ಥದ ಮಾತನ್ನು ಆಕೆ ಆಡಿದಳು. ಎದುರಿಗೇ ನಿಂತು ಕಂಡವಳ ಟಿಪ್ಪಣಿಯೇ ಹೀಗಾದರೆ, ನೂರು ವರ್ಷ ತಡವಾಗಿ ನೋಡುವವನ ಊಹೆಗೆ ಎಷ್ಟು ದೊಡ್ಡ ಕಂಸ ಬೇಕು!

ಕನ್ನಡದ ಸಂಶೋಧಕರಿಗೆ ಇದರ ತಿರುವುಮುರುವಾದ ಸ್ಥಿತಿ ಚೆನ್ನಾಗಿ ಪರಿಚಿತ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಏಳನೆಯ ಶತಮಾನದಿಂದ ಬಂದ ನಿಸಿಧಿ ಶಾಸನಗಳು ಮುನಿಗಳ, ಕಂತಿಯರ ಹೆಸರನ್ನು ಹೇಳುತ್ತವೆ. ಅವರ ಮುಖ ಯಾರಿಗೂ ಗೊತ್ತಿಲ್ಲ. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಆ ಕ್ಷೇತ್ರದ ಶಾಸನಗಳು 144, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. 1973ರ ಪರಿಷ್ಕರಣದಲ್ಲಿ 573. ಬಂಡೆಯನ್ನು ಮತ್ತೆ ಮತ್ತೆ ಹತ್ತಿ, ಸವೆದ ಅಕ್ಷರವನ್ನು ಬೆಳಕು ಓರೆಯಾಗುವ ಹೊತ್ತಿಗೆ ಕಾದು ಓದಿ ಪಡೆದ ಹೆಸರುಗಳು ಅವು. ಅಕ್ಷರ ಹೋದ ಕಡೆ ಚುಕ್ಕೆಗಳನ್ನಿಟ್ಟರು. ಅಲ್ಲಿ ನೋಂತು ಮುಡಿಪಿದ ಕಂತಿಯೊಬ್ಬಳ ಕಣ್ಣಿನಲ್ಲಿ ಏನಿತ್ತೆಂದು ಬರೆಯಲು ಯಾವ ಶಾಸನತಜ್ಞನೂ ಹೊರಡಲಿಲ್ಲ. ಮುಖವಿಲ್ಲದ ಹೆಸರಿನ ಮುಂದೆ ಇಷ್ಟು ಸಂಯಮ, ಹೆಸರಿಲ್ಲದ ಮುಖದ ಮುಂದೆ ಅಷ್ಟು ಧಾರಾಳ. ವೀರಗಲ್ಲುಗಳಲ್ಲಿ ಮುಖವೂ ಹೆಸರೂ ಒಂದೇ ಕಲ್ಲಿನಲ್ಲಿ ಸೇರಿರುತ್ತವೆ; ಬರಹದ ಪಟ್ಟಿ ಸವೆದುಹೋದಾಗ ತುರುಗಾಳಗದ ದೃಶ್ಯವೊಂದೇ ಉಳಿಯುತ್ತದೆ. ಊರವರು ಅದಕ್ಕೆ ಒಂದು ಕಥೆ ಹೇಳುತ್ತಾರೆ. ಆ ಕಥೆಯನ್ನು ಸಂಶೋಧಕ ಬರೆದುಕೊಳ್ಳುತ್ತಾನೆ, ಐತಿಹ್ಯವೆಂಬ ತಲೆಬರಹದಡಿ. ಸರಿಯಾದ ಕ್ರಮ ಅದು.

ಹಳೆಯ ಭಾವಚಿತ್ರಗಳ ವಿಷಯದಲ್ಲಿ ಬೇಕಾದದ್ದೂ ಅಷ್ಟೇ. ಗ್ರಂಥಾಲಯಗಳೂ ಮಠಗಳೂ ಮನೆತನಗಳೂ ಈಗ ತಮ್ಮ ಚಿತ್ರಗಳನ್ನು ಗಣಕೀಕರಿಸುತ್ತಿವೆ. ಪ್ರತಿ ಚಿತ್ರಕ್ಕೂ ವಿವರಣೆಯ ಒಂದು ಕಲಮು ತುಂಬಬೇಕು. ಖಾಲಿ ಬಿಡಲು ಮನಸ್ಸಾಗದೆ 'ಸಂಪ್ರದಾಯಸ್ಥ ಗೃಹಿಣಿ', 'ಬಡ ರೈತ', 'ಸೇವಕ' ಎಂದು ಬರೆದುಬಿಡುವುದು ವಾಟ್ಸನ್ ಮತ್ತು ಕೇ ಮಾಡಿದ ಕೆಲಸವನ್ನೇ ಸದುದ್ದೇಶದಿಂದ ಮಾಡಿದಂತೆ. ಅದರ ಬದಲು ಕಂಡದ್ದನ್ನು ಫಿಲಡೆಲ್ಫಿಯಾದ ಆ ಪತ್ರಿಕೆಯಂತೆ ಬರೆಯಬಹುದು: ಎಷ್ಟು ಜನ, ಯಾರು ಕುಳಿತಿದ್ದಾರೆ, ಸೀರೆಯ ಅಂಚು ಹೇಗಿದೆ, ಕಿವಿಯಲ್ಲಿ ಯಾವ ಓಲೆ, ರಟ್ಟಿನ ಕೆಳಗೆ ಯಾವ ಚಿತ್ರಶಾಲೆಯ ಮುದ್ರೆ. ಆ ಓಲೆಯನ್ನು ಮಾಡಿಸಿದ ಮನೆಯವರು ಎಂದಾದರೂ ಆ ಸಾಲನ್ನು ಓದಿಯಾರು.

ಸಾಹಿತ್ಯ ಸಮ್ಮೇಳನಗಳ ಸ್ಮರಣಸಂಚಿಕೆಗಳಲ್ಲಿ ಕುಳಿತ ಸಾಲಿನವರ ಹೆಸರುಗಳು ಎಡದಿಂದ ಬಲಕ್ಕೆ ಅಚ್ಚಾಗಿರುತ್ತವೆ. ನಿಂತ ಸಾಲಿನಲ್ಲಿ ನಡುವೆ ಒಂದೆರಡು ಕಡೆ ಪ್ರಶ್ನಾರ್ಥಕ ಚಿಹ್ನೆ. ನೆಲದ ಮೇಲೆ ಕುಳಿತ ಹುಡುಗರಿಗೆ, ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಹೆಂಗಸಿಗೆ ಅದೂ ಇಲ್ಲ. ಅರವತ್ತು ಎಪ್ಪತ್ತು ವರ್ಷ ಹಿಂದಿನ ಚಿತ್ರಗಳಾದರೆ ಆ ಹುಡುಗರಲ್ಲಿ ಕೆಲವರು ಈಗಲೂ ಇದ್ದಾರೆ. ಒಂದು ಪ್ರತಿಯನ್ನು ತೆಗೆದುಕೊಂಡು ಹೋಗಿ ಅವರ ಮುಂದಿಟ್ಟು ಕೇಳುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನ ಒಂದು ಬೇಸಿಗೆಯ ಕೆಲಸ. ಅವರು ಹೇಳಿದ ಹೆಸರನ್ನೂ, ಹೇಳಿದವರು ಯಾರು ಯಾವ ದಿನ ಎಂಬುದನ್ನೂ ಚಿತ್ರದ ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಬರೆಯಬೇಕು. ಶಾಯಿ ಕಾಲಾಂತರದಲ್ಲಿ ಮುಂಬದಿಗೆ ಇಳಿಯುತ್ತದೆ.